ರೆಟಿನೈಟಿಸ್ ಅನ್ನು ‘ಉರಿಯೂತ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಎಚ್‌ಐವಿ ಇರುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಸಿಎಂವಿ ರೆಟಿನೈಟಿಸ್’ (ಸೈಟೋಮೆಗಾಲೋವೈರಸ್, ಅಂದರೆ ಸಿಎಂವಿ, ಕಣ್ಣಿನ ಒಳಪದರವಾದ ರೆಟಿನಾಕ್ಕೆ ತಗುಲಿ ಬರುವ ಕಾಯಿಲೆ) ಎಂಬ ಪದದ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ರೂಢಿಯಂತೆ ಹೋದರೆ ‘ಅಕ್ಷಿಪಟಲದ ಉರಿಯೂತ’ ಅನ್ನಬೇಕು. ಅಕ್ಷಿಪಟಲ ಅಂದರೆ ರೆಟಿನಾ; ಅದರ ಬಗ್ಗೆ ತಕರಾರಿಲ್ಲ, ಶಾಲೆಯ ಪುಸ್ತಕದಲ್ಲೇ ಇದೆ. ತಕರಾರು ಉರಿಯೂತದ್ದು.

ಈ ಕಾಯಿಲೆಯಲ್ಲಿ ರೋಗಿಗೆ ಉರಿ ಗೊತ್ತಾಗುವುದಿಲ್ಲ, ಊತ ಕಾಣುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೋವೂ ಇಲ್ಲ. ಸೈಟೋಮೆಗಾಲೋವೈರಸ್ ಬಹಳ ಜನರ ಮೈಯಲ್ಲಿ ಸುಮ್ನೆ ಇರುತ್ತದೆ. ಸಿಡಿ4 ಕೌಂಟ್ (ರೋಗ ತಡೆಯುವ ಒಂದು ಬಗೆಯ ರಕ್ತಕಣಗಳ ಎಣಿಕೆ) 50ಕ್ಕಿಂತ ಕೆಳಗಿಳಿದವರಲ್ಲಿ ತಲೆಯೆತ್ತಿ ರೆಟಿನಾವನ್ನು ತಿನ್ನತೊಡಗುತ್ತದೆ. ‘ಕಣ್ಮುಂದೆ ಕಪ್ಪು ಚುಕ್ಕೆ ಓಡಾಡ್ತವೆ’, ‘ಒಂದು ಪಕ್ಕ ಮಸುಕು ಮಸುಕು’ ಅನ್ನುತ್ತಾರೆ ರೋಗಿಗಳು. ಕೆಲವರಿಗೆ ಅದೂ ಇಲ್ಲ. ‘ಕಣ್ಣಿನ ವೈರಸ್ ಸೋಂಕು’ ಅಂತ ಬರೆದರೆ ಇನ್ನೂ ಕಷ್ಟ. ಓದುವವರು ಮದ್ರಾಸ್ ಐ ಅಂದುಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ವಾರದಲ್ಲಿ ತಾನೇ ಹೋಗುತ್ತೆ ಅಂತ ಕೂತುಬಿಡುತ್ತಾರೆ. ಇಲ್ಲಿ ಹಾಗೆ ಕೂತರೆ ಕಣ್ಣೇ ಹೋದೀತು.

ಇನ್ನೊಂದು ತೊಡಕಿದೆ. ಎಆರ್‌ಟಿ ಮಾತ್ರೆ (ಎಚ್‌ಐವಿ ಹತ್ತಿಕ್ಕುವ ಔಷಧಿ) ಶುರುವಾಗಿ ಮೈಗೆ ರೋಗ ತಡೆಯುವ ಶಕ್ತಿ ಮರಳಿದ ಮೇಲೆ, ಮೊದಲೇ ಈ ಸೋಂಕು ತಗುಲಿದ್ದ ಕಣ್ಣಿನಲ್ಲಿ ಕೆಲವರಿಗೆ ನಿಜವಾದ ಉರಿಯೂತ ಬರುತ್ತದೆ. ಮೊದಲನೆಯದು ಶಕ್ತಿ ಕುಂದಿ ಬಂದದ್ದು, ಎರಡನೆಯದು ಶಕ್ತಿ ಮರಳಿ ಬಂದದ್ದು. ಎರಡಕ್ಕೂ ಒಂದೇ ಪದ ಹಾಕಿದರೆ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ರೋಗಿಗೆ ಹೇಗೆ ಬಿಡಿಸಿ ಹೇಳಬೇಕು? ಅದಕ್ಕೇ ಮೊದಲನೆಯದನ್ನು ‘ರೆಟಿನಾದ ಸಿಎಂವಿ ಸೋಂಕು’ ಎಂದು ಬರೆದು, ಉರಿಯೂತವನ್ನು ಎರಡನೆಯದಕ್ಕೆ ಉಳಿಸೋಣ ಅಂತಿದ್ದೇನೆ. ವೈದ್ಯರು ಒಪ್ಪುತ್ತಾರಾ?

ಜೊತೆಗೆ ಇನ್ನೊಂದು ಪದ ‘ಮೀಡಿಯನ್ ಸರ್ವೈವಲ್’, ಅಂದರೆ ಅರ್ಧದಷ್ಟು ರೋಗಿಗಳು ದಾಟಿ ಬದುಕಿದ ಕಾಲ. ಈ ಕಾಯಿಲೆಯ ಎರಡು ಔಷಧಿಗಳನ್ನು ಹೋಲಿಸಿ 1992ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಇದು ಗ್ಯಾನ್‌ಸಿಕ್ಲೋವಿರ್ ಪಡೆದವರಿಗೆ 8.5 ತಿಂಗಳು, ಫಾಸ್ಕಾರ್ನೆಟ್ ಪಡೆದವರಿಗೆ 12.6 ತಿಂಗಳು. ಕಣ್ಣು ಕಾಯುವುದರಲ್ಲಿ ಎರಡೂ ಔಷಧಿ ಸಮ, ವ್ಯತ್ಯಾಸ ಕಂಡದ್ದು ಬದುಕಿದ ಕಾಲದಲ್ಲಿ! ಇದನ್ನು ‘ಸರಾಸರಿ ಆಯಸ್ಸು’ ಅಂದರೆ ತಪ್ಪು. ‘ಮಧ್ಯಾಂಕ’ ಅಂದರೆ ಗಣಿತದ ಪರೀಕ್ಷೆ ನೆನಪಾಗುತ್ತದೆ. ‘ಬದುಕುಳಿಯುವಿಕೆ’ ಬಸ್ ಅಪಘಾತದ ವರದಿಯ ಹಾಗೆ ಕೇಳುತ್ತದೆ, ಅಲ್ವಾ? ಸದ್ಯಕ್ಕೆ ‘ಅರ್ಧದಷ್ಟು ಜನ 12.6 ತಿಂಗಳಿಗಿಂತ ಜಾಸ್ತಿ ಬದುಕಿದರು’ ಎಂದು ಬಿಡಿಸಿಯೇ ಬರೆದಿದ್ದೇನೆ. 1996ರ ಹೊತ್ತಿಗೆ ಬಂದ ಕೂಡುಮದ್ದಿಗೂ (ಹಲವು ಎಚ್‌ಐವಿ ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ) ಮುಂಚಿನ ಲೆಕ್ಕ ಇದು ಎಂದೂ ಸೇರಿಸಿದ್ದೇನೆ, ಈಗಿನವರು ಓದಿ ಹೆದರಬಾರದಲ್ಲ.

ಕೋಷ್ಟಕದ ತಲೆಬರಹಕ್ಕೆ ಮಾತ್ರ ಇಷ್ಟುದ್ದ ಹಿಡಿಸುವುದಿಲ್ಲ. ಎರಡು ಮೂರು ಪದದಲ್ಲಿ ಮುಗಿಯುವಂಥದ್ದು ಯಾರಿಗಾದರೂ ಹೊಳೆದರೆ ತಿಳಿಸಿ.