‘ಕ್ರಿಮ್ಸನ್ ಲೇಕ್’ ಕೆರೆ ಅಲ್ಲ, ಹಾಗಾದರೆ ಏನನ್ನೋಣ?

ಗೆಳೆಯರೇ, ಒಂದು ಬಣ್ಣದ ಹೆಸರಿಗೆ ಕನ್ನಡ ಬೇಕು.

ಹಳೇ ಉಗಿ ಎಂಜಿನ್‌ಗಳನ್ನು ಮೊದಲಿನ ರೂಪಕ್ಕೆ ತರುವಾಗ ಸರಿಯಾದ ಬಣ್ಣ ಹೇಗೆ ಹುಡುಕುತ್ತಾರೆ ಅನ್ನುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ ರೈಲ್ವೆ 1883ರಲ್ಲಿ ಎಂಜಿನ್‌ಗಳಿಗೆ ಹಸಿರು ಬಿಟ್ಟು ಕೆಂಪು ಹಚ್ಚಲು ಶುರು ಮಾಡಿತು. ಆ ಕೆಂಪಿನ ಹೆಸರೇ ಕ್ರಿಮ್ಸನ್ ಲೇಕ್. ಮೊದಲ ಕರಡಿನಲ್ಲಿ ನಾನು, ನಿದ್ದೆಗಣ್ಣಲ್ಲಿ ಇದ್ದಿರಬೇಕು, ‘ಕಡುಗೆಂಪು ಸರೋವರ’ ಅಂತ ಬರೆದಿದ್ದೆ. ಓದಿದ ಗೆಳತಿ “ಎಂಜಿನ್ ಕೆರೆಗೆ ಬಿತ್ತಾ?” ಅಂದಳು.

ಈ ಲೇಕ್‌ಗೂ ನೀರಿಗೂ ನಂಟಿಲ್ಲ. ಇದು ನಮ್ಮ ಅರಗು. ಸಂಸ್ಕೃತದ ಲಾಕ್ಷಾ, ಹಿಂದಿಯ ಲಾಖ್, ಪಾರಸಿಯ ಲಾಕ್, ಹೀಗೆ ಊರೂರು ತಿರುಗಿ ಇಂಗ್ಲಿಷಿಗೆ ಹೋದ ಮಾತು. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಅರಗೇ. ಅರಗಿನ ಹುಳ ಅಂಟನ್ನೂ ಕೊಡುತ್ತದೆ, ಕೆಂಪು ಬಣ್ಣವನ್ನೂ ಕೊಡುತ್ತದೆ. ಕ್ರಿಮ್ಸನ್ ಕೂಡ ಹುಳವೇ. ಅರಬ್ಬಿಯ ಕಿರ್ಮಿಜ್‌ನಿಂದ ಬಂದದ್ದು, ಹಿಂದಕ್ಕೆ ಹೋದರೆ ಕ್ರಿಮಿ ಸಿಗುತ್ತದೆ. ಕಡುಗೆಂಪಿಗೆ ನಾವು ಹೇಳುವ ಕಿರಮಂಜಿಯೂ ಅದೇ ಬಳಗ. ಅಂದರೆ ಹೆಸರಿನ ಎರಡೂ ತುಂಡು ಹುಳದ ಮೇಲೇ ನಿಂತಿವೆ.

ಹಾಗಾದರೆ ಸುಮ್ನೆ ‘ಕಿರಮಂಜಿ ಬಣ್ಣ’ ಅಂದರೆ ಮುಗೀತಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಣ್ಣದ ಕೆಲಸದವರಿಗೆ ಲೇಕ್ ಅನ್ನೋದು ಒಂದು ಜಾತಿ. ನೀರಿನಲ್ಲಿ ಕರಗಿದ ಬಣ್ಣಕ್ಕೆ ಪಟಿಕ, ಕ್ಷಾರ ಬೆರೆಸಿ, ಕರಗದ ಪುಡಿಯಾಗಿ ತಳಕ್ಕೆ ಇಳಿಸಿದರೆ ಅದು ಲೇಕ್. ಅದರಲ್ಲಿ ಅರಗೇ ಇರಬೇಕು ಅಂತಿಲ್ಲ. ಮಂಜಿಷ್ಠದ ಜಾತಿಯ ಬೇರಿನ ಬಣ್ಣದಿಂದಲೂ ಲೇಕ್ ಮಾಡುತ್ತಿದ್ದರು. ಆ ಬೇರಿಗೆ ಕೆಂಪು ಕೊಡುವ ಅಲಿಜರಿನ್ ಅನ್ನುವ ಅಂಶವನ್ನು 1868ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಗ್ರೇಬ, ಲೀಬರ್ಮನ್ ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಮುಖ್ಯ ವಿಷಯ ಏನೆಂದರೆ, ಎಣ್ಣೆಯಲ್ಲಿ ಕಲಸಿದಾಗ ಲೇಕ್ ಪಾರದರ್ಶಕ. ಕಾವಿ ಹಾಗಲ್ಲ, ಹಚ್ಚಿದ ಕಡೆ ಮುಚ್ಚಿಬಿಡುತ್ತದೆ. ಲೇಕ್ ಹಚ್ಚಿದರೆ ಬೆಳಕು ಒಳಗೆ ಹೋಗಿ, ಕೆಳಗಿನ ಕಂದುಗೆಂಪು ಕೋಟ್‌ಗೆ ತಾಗಿ, ಮತ್ತೆ ಕೆಂಪಿನ ಮೂಲಕವೇ ಹೊರಗೆ ಬರುತ್ತದೆ. ದಾಳಿಂಬೆ ಕಾಳಿನ ಹಾಗೆ ಆಳ ಕಾಣುವುದು ಅದಕ್ಕೇ. ಬರೀ ‘ಕಿರಮಂಜಿ’ ಅಂತ ಬರೆದರೆ ಓದಿದವರು ಒಂದು ಡಬ್ಬಿ ಗಟ್ಟಿ ಕೆಂಪು ತಂದು ಬಳಿದು ಬಿಡುತ್ತಾರೆ. ಆಗ ಬಣ್ಣದ ಪಟ್ಟಿಗೆ ಹೊಂದುತ್ತದೆ, ಆದರೆ ಎಂಜಿನ್ ಅಂಚೆಪೆಟ್ಟಿಗೆಯಂತೆ ಕಾಣುತ್ತದೆ.

ಬರಹದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಒಂದಿದೆ. ಹೆಸರಿನ ಫಲಕ ಬಿಚ್ಚಿ, ಅದರ ಹಿಂದಿನ ಬಣ್ಣವನ್ನು ರೂಪಾಯಿ ಅಗಲದಷ್ಟು ಜಾಗದಲ್ಲಿ ನಯವಾದ ಉಪ್ಪುಕಾಗದದಿಂದ ಒದ್ದೆ ಮಾಡಿಕೊಂಡು ಉಜ್ಜುತ್ತಾರೆ. ಒಂದೇ ಕಡೆ ಒತ್ತದೆ ಓರೆಯಾಗಿ ಉಜ್ಜಿದರೆ ಕಡಿದ ಮರದಲ್ಲಿ ಕಾಣುವ ಬಳೆಗಳಂತೆ ಸುತ್ತು ಸುತ್ತಾಗಿ ಪದರಗಳು ಎದ್ದು ಬರುತ್ತವೆ: ಹೊರಗೆ ಕಪ್ಪು, ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿದ ವಾರ್ನಿಷ್, ಕೆಂಪಿನ ತೆಳು ಗೆರೆ, ಕಂದು, ಬೂದು, ನಡುವೆ ಹೊಳೆಯುವ ಕಬ್ಬಿಣ. ವಾರ್ನಿಷ್ ಹಳದಿ ಆಗಿರುವುದರಿಂದ ಮೇಲಿನಿಂದ ಕಂಡ ಬಣ್ಣವನ್ನೇ ನಂಬುವ ಹಾಗಿಲ್ಲ. ನೀಲಿ ಎಂಜಿನ್ ಆದರೆ ಹಸಿರಾಗಿಯೇ ಕಾಣಬಹುದು. ಹಳೇ ಫೋಟೋನೂ ಕೈ ಕೊಡುತ್ತದೆ. ಆಗಿನ ಗಾಜಿನ ಫಲಕಗಳಿಗೆ ಕೆಂಪು ಗೊತ್ತೇ ಆಗುತ್ತಿರಲಿಲ್ಲ. ಕೆಂಪು ಕಪ್ಪಾಗಿ, ನೀಲಿ ಬಿಳಿಚಿಕೊಂಡು ಬೀಳುತ್ತಿತ್ತು. ಸಾಲದು ಅಂತ ಫೋಟೋ ಚೆನ್ನಾಗಿ ಬರಲಿ ಎಂದು ಹೊಸ ಎಂಜಿನ್‌ಗೆ ತಾತ್ಕಾಲಿಕವಾಗಿ ಬೂದು ಬಣ್ಣ ಹಚ್ಚುವ ರೂಢಿಯೂ ಇತ್ತು.

ಹೆಸರನ್ನು ನಂಬಿ ಕೆಟ್ಟವರೂ ಇರಬಹುದು. ಲಂಡನ್ ಬ್ರೈಟನ್ ರೈಲ್ವೆಯಲ್ಲಿ ಎಂಜಿನ್ ವಿಭಾಗದ ಮುಖ್ಯಸ್ಥನಾಗಿದ್ದ ಸ್ಟ್ರೌಡ್ಲಿ ಹಚ್ಚಿಸಿದ ‘ಸುಧಾರಿತ ಎಂಜಿನ್ ಹಸಿರು’ ನೋಡಿದರೆ ಅರಿಶಿನದ ಹಾಗೆ ಹಳದಿ! ನಾವೂ ಕಂದು ಹಸುವನ್ನು ಕೆಂದಹಸು ಅನ್ನುತ್ತೇವೆ, ಹಾಗಾಗಿ ಜಾಸ್ತಿ ನಗುವುದು ಬೇಡ.

ಈಗ ನನ್ನ ಮುಂದೆ ಎರಡು ದಾರಿ ಇವೆ. ‘ಕಿರಮಂಜಿ ಲೇಕ್’ ಅಂತಲೇ ಉಳಿಸಿ ಒಂದು ಸಾಲು ವಿವರಣೆ ಕೊಡುವುದು, ಇಲ್ಲಾ ‘ಕಿರಮಂಜಿ ಅರಗುಬಣ್ಣ’ ಅನ್ನುವುದು. ಎರಡನೆಯದು ಕಿವಿಗೆ ಹಿತ, ನನ್ನ ಒಲವೂ ಆ ಕಡೆಗೇ. ಭಯ ಒಂದೇ, ಅರಗು ಅಂದ ಕೂಡಲೇ ಲಕೋಟೆಯ ಮುದ್ರೆ ನೆನಪಾಗಿ, ಕಾಯಿಸಿ ಹಚ್ಚುವ ಮೇಣದಂಥ ಬಣ್ಣ ಅಂದುಕೊಂಡರೆ? ಬಟ್ಟೆಗೆ ಬಣ್ಣ ಹಾಕುವವರು, ಬೊಂಬೆಗೆ ಅರಗು ಹಚ್ಚುವವರು, ಹಳೇ ಚಿತ್ರಕಲೆಯ ಶಾಲೆಯಲ್ಲಿ ಕಲಿತವರು ಯಾರಾದರೂ ಇಂಥ ಒಳಗೆ ಬೆಳಕು ಬಿಡುವ ಬಣ್ಣಕ್ಕೆ ಬೇರೆ ಮಾತು ಬಳಸುವುದನ್ನು ಕೇಳಿದ್ದೀರಾ? ಹಾಗೇ, ಬಣ್ಣದ ಅಂಚಿಗೆ ಎಳೆಯುವ ಸಣ್ಣ ಕಪ್ಪು–ಹಳದಿ ಗೆರೆಗಳಿಗೆ ‘ಕಟ್ಟುಗೆರೆ’ ಅಂದರೆ ನಡೆಯುತ್ತದಾ, ಅಥವಾ ಬರೀ ‘ಗೆರೆ’ ಸಾಕಾ?