ಕೊಸೂತ್ ಕೌಂಟಿ ಪಟ್ಟಿ, ನಮ್ಮೂರ ಪಹಣಿ

*ಅಗ್ರಿ ಕಾಲೇಜು ಹಳೇ ಗೆಳೆಯರು*

ಪ್ರಕಾಶ (ಅಯೋವಾ): ಅಮೆರಿಕದಲ್ಲಿ ನಾನಿರುವ ಅಯೋವಾ ರಾಜ್ಯದ ಕೊಸೂತ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ರೈತ ಸಬ್ಸಿಡಿ ಪಟ್ಟಿ ಕಳಿಸಿದ್ದೇನೆ. 1995ರಿಂದ ಯಾರಿಗೆ ಎಷ್ಟು ಡಾಲರ್ ಅಂತ ಹೆಸರು ಸಮೇತ ಇದೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ ‘ಬಿಟ್ಟಿ ದುಡ್ಡು’ ಅನ್ನುವವರು ನೋಡಿ.

ಮಂಜ: ಅಲ್ಲಿ ಒಬ್ಬೊಬ್ಬನೇ ಸಾವಿರ ಎಕರೆ ಮಾಡ್ತಾನೆ ಕಣಪ್ಪ. ಎಕರೆ ಲೆಕ್ಕ ಹೇಳು.

ಪ್ರಕಾಶ: ಹೇಳ್ತೀನಿ. ಚೀನಾ ಜೊತೆ ಸುಂಕದ ಜಗಳದಲ್ಲಿ ಸೋಯಾ ಬೆಲೆ ಬಿತ್ತಲ್ಲ, 2019ರಲ್ಲಿ ಎಕರೆಗೆ 15ರಿಂದ 150 ಡಾಲರ್ ಕೊಟ್ಟರು. ಕೌಂಟಿಗೊಂದು ದರ. ರಸ್ತೆ ಆಚೆ ಬೇರೆ, ಈಚೆ ಬೇರೆ.

ವಸುಧಾ: ಅದು ನಷ್ಟಕ್ಕೆ ಪರಿಹಾರ ಅಲ್ವಾ? ಪಿಎಂ ಕಿಸಾನ್ ಬೆಳೆ ಬಂದರೂ ಬರುತ್ತದೆ, ಒಣಗಿದರೂ ಬರುತ್ತದೆ.

ಪ್ರಕಾಶ: ಉಳಿದ ಸ್ಕೀಮ್‌ಗಳನ್ನೂ ನೋಡು. ದುಡ್ಡು ‘ಬೇಸ್ ಎಕರೆ’ ಮೇಲೆ. ಹಳೇ ದಾಖಲೆಯಲ್ಲಿ ಮೆಕ್ಕೆಜೋಳ ಅಂತಿದ್ದರೆ, ಈ ವರ್ಷ ಸೋಯಾ ಹಾಕಿದ್ದರೂ ಮೆಕ್ಕೆಜೋಳದ ಲೆಕ್ಕದಲ್ಲೇ ಕೊಡುತ್ತಾರೆ. ಎಆರ್‌ಸಿ ಕೌಂಟಿ ಅಂತ ಒಂದು ಸ್ಕೀಮ್ ಇದೆ. ಇಡೀ ಕೌಂಟಿಯ ಆದಾಯ ಬಿದ್ದರೆ ಮಾತ್ರ ದುಡ್ಡು. ನಿನ್ನ ಹೊಲ ಒಂದೇ ಹಾಳಾದರೆ ಸೊನ್ನೆ.

ಮಂಜ: ನಮ್ಮ ಬೆಳೆವಿಮೆ ಕಥೆನೇ ಬಿಡು. ಇಳುವರಿ ಅಳೆಯುವ ಕಟಾವು ಪ್ರಯೋಗ ಯಾರದೋ ಹೊಲದಲ್ಲಿ, ಒಣಗಿದ್ದು ನನ್ನ ಶೇಂಗಾ.

ಶಿವು: ಒಬ್ಬನಿಗೆ ಇಷ್ಟೇ ಅಂತ ಮಿತಿ ಇಲ್ವಾ?

ಪ್ರಕಾಶ: ಇದೆ. ವರ್ಷಕ್ಕೆ 1,25,000 ಡಾಲರ್ ಇತ್ತು, 2025ರ ಕಾನೂನಿನಲ್ಲಿ 1,55,000ಕ್ಕೆ ಏರಿಸಿದರು. ಆದರೆ ಪಾಲುದಾರಿಕೆ ಮಾಡಿಕೊಂಡರೆ ಅರ್ಹ ಪಾಲುದಾರರಿಗೆಲ್ಲ ಬೇರೆ ಬೇರೆ ಮಿತಿ. 2018ರಲ್ಲಿ ಅಣ್ಣನ ಮಕ್ಕಳು, ಚಿಕ್ಕಪ್ಪನ ಮಕ್ಕಳನ್ನೂ ‘ಕುಟುಂಬ’ ಅಂತ ಸೇರಿಸಿದರು.

ಮಂಜ: 😂 ನಮ್ಮ ಗೌಡರು ಭೂಮಿತಿ ಬಂದಾಗ ಮನೆ ಮಂದಿ ಹೆಸರಿಗೆಲ್ಲ ಜಮೀನು ಹಂಚಿದ ಹಾಗೆ!

ಪ್ರಕಾಶ: ಇನ್ನೂ ಇದೆ. ಬೆಳೆವಿಮೆ ಪ್ರೀಮಿಯಂನಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿ ಸರ್ಕಾರವೇ ಕಟ್ಟುತ್ತದೆ. ಅದಕ್ಕೆ ಮಿತಿಯೂ ಇಲ್ಲ, ಈ ಪಟ್ಟಿಯಲ್ಲಿ ಆ ಹೆಸರುಗಳೂ ಇಲ್ಲ.

ವಸುಧಾ: ಪಟ್ಟಿಯಲ್ಲಿ ಇಲ್ಲದವರ ವಿಷಯ ಬಂತಲ್ಲ, ನಾನು ಕೇಳಬೇಕಿದ್ದೂ ಅದೇ. ನಮ್ಮೂರ ನಾಲ್ಕು ಎಕರೆ ಪಹಣಿ ಅಪ್ಪನ ಹೆಸರಲ್ಲಿದೆ. ಅಪ್ಪ ಬೆಂಗಳೂರಲ್ಲಿ ತಮ್ಮನ ಮನೆಯಲ್ಲಿದ್ದಾರೆ. ನಾಲ್ಕು ತಿಂಗಳಿಗೊಮ್ಮೆ ಪಿಎಂ ಕಿಸಾನ್ 2,000 ಜಮಾ ಆದ ಮೆಸೇಜ್ ಅವರ ಫೋನಿಗೆ ಬರುತ್ತದೆ. ಆ ಜಮೀನನ್ನು ಕೋರಿಗೆ (ಫಸಲಿನ ಪಾಲಿಗೆ) ಮಾಡುವ ಹನುಮಂತಣ್ಣ ಗೊಬ್ಬರಕ್ಕೆ ಸಾಲ ಮಾಡುತ್ತಾನೆ. ಅವನಿಗೆ ಏನು ಬರುತ್ತದೆ? ಅಯೋವಾದಲ್ಲಿ ಹೇಗೆ?

ಪ್ರಕಾಶ: ಗುತ್ತಿಗೆ ಡಾಲರ್ ಲೆಕ್ಕದಲ್ಲಿದ್ದರೆ ಉಳುವವನಿಗೇ ಸಬ್ಸಿಡಿ. ಫಸಲಲ್ಲಿ ಪಾಲಿದ್ದರೆ ಮಾಲೀಕನಿಗೂ ಪಾಲು. ಆದರೆ ಉಳುವವನಿಗೆ ದುಡ್ಡು ಬಂತು ಅಂತ ಗೊತ್ತಾದರೆ ಮುಂದಿನ ವರ್ಷ ಮಾಲೀಕ ಗುತ್ತಿಗೆ ಏರಿಸ್ತಾನೆ, ಅದು ಬೇರೆ ಮಾತು.

ಶಿವು: ವಸುಧಾ, ಹನುಮಂತಣ್ಣನಿಗೆ ಒಂದು ಗೇಣಿ ಕಾಗದ ಬರೆದುಕೊಡಿ.

ಮಂಜ: ಲೋ ಶಿವು, ನಮ್ಮಲ್ಲಿ ಗೇಣಿ ಕೊಡೋದೇ ಕಾನೂನಿನಲ್ಲಿ ನಿಷೇಧ. 1974ರ ಭೂಸುಧಾರಣೆ ತಿದ್ದುಪಡಿ ಮರೆತೆಯಾ? ಪರೀಕ್ಷೆಗೆ ಓದಿದ್ದೆಲ್ಲ ಹೋಯ್ತಾ?

ವಸುಧಾ: ಅಪ್ಪನೂ ಅದನ್ನೇ ಹೇಳ್ತಾರೆ. ‘ಕಾಗದ ಕೊಟ್ಟರೆ ಜಮೀನೇ ಹೋಗುತ್ತದೆ’ ಅಂತ.

ಮಂಜ: ಹಾಗಾದರೆ ಸರ್ಕಾರಕ್ಕೆ ಬೈಯೋದು ಬಿಟ್ಟು, ಆ 2,000 ಬಂದ ದಿನ ಹನುಮಂತಣ್ಣನಿಗೆ ಫೋನ್‌ಪೇ ಮಾಡಿಸು.

ವಸುಧಾ: ಅಪ್ಪನ ನಂಬರ್ ಕೊಡ್ತೀನಿ, ನೀನೇ ಹೇಳು.