ಅಪ್‌ಡೇಟ್: ಮಹಡಿ ಹತ್ತಿದ್ರೆ ವೈಫೈ ಕಾಲ್ ಕಟ್ ಆಗ್ತಿದ್ದಿದ್ದು ಸರಿಹೋಯ್ತು

ಮಹಡಿಗೆ ಹೋದ್ರೂ ಫೋನು ಕೆಳಗಿನ ರೂಟರನ್ನೇ ಹಿಡ್ಕೊಂಡು ಕೂತಿರುತ್ತೆ, ವಿಡಿಯೋ ಕಾಲ್ ಮೆಟ್ಟಿಲಲ್ಲೇ ಒದ್ದಾಡುತ್ತೆ ಅಂತ ಕೇಳಿದ್ನಲ್ಲ, ಸರಿಹೋಯ್ತು. ಕೆಳಗೊಂದು, ಮಹಡೀಲೊಂದು ರೂಟರ್, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಮೊದ್ಲೇ ಇತ್ತು, ಆದ್ರೆ ಮೇಲಿನದು ರೂಟರ್ ಮೋಡಲ್ಲೇ ಇದ್ದು ತಾನೂ ಬೇರೆ ಐಪಿ (ನೆಟ್‌ವರ್ಕ್ ವಿಳಾಸ) ಹಂಚ್ತಾ ಇತ್ತು, ಹಾಗಾಗಿ ಅದಕ್ಕೆ ಜಿಗಿದಾಗಲೆಲ್ಲ ಕಾಲ್ ಢಮಾರ್. ಅದನ್ನ ಎಪಿ (ಆಕ್ಸೆಸ್ ಪಾಯಿಂಟ್, ಅಂದ್ರೆ ಐಪಿ ಹಂಚದೆ ಬರೀ ವೈಫೈ ಕೊಡೋ) ಮೋಡ್‌ಗೆ ಹಾಕ್ದೆ. ಆಮೇಲೂ ಫೋನು ಕೆಳಗಿನದನ್ನ ಬಿಡ್ಲಿಲ್ಲ, ಯಾಕಂದ್ರೆ ಯಾವಾಗ ಬದಲಾಯಿಸ್ಬೇಕು ಅನ್ನೋದು ಫೋನಿನ ತೀರ್ಮಾನವಂತೆ, ರೂಟರದ್ದಲ್ಲ (ಇಷ್ಟು ದಿನ ಸುಮ್ನೆ ರೂಟರಿಗೆ ಬೈದೆ). ಐಫೋನ್ ಅಂತೂ ಸಿಗ್ನಲ್ ಮೈನಸ್ 70 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ) ಕೆಳಗಿಳಿಯೋವರೆಗೂ ಬೇರೆ ಎಪಿ ಹುಡುಕೋದೇ ಇಲ್ಲ. ಅದಕ್ಕೇ ದೂರ ಹೋದಾಗ ಸಿಗ್ನಲ್ ಬೇಗ ಇಳೀಲಿ ಅಂತ ಎರಡರದ್ದೂ ಸಿಗ್ನಲ್ ಪವರ್ ಮೀಡಿಯಂಗೆ ಇಳಿಸ್ದೆ, ಒಂದಕ್ಕೊಂದು ಅಡ್ಡ ಬರದಿರ್ಲಿ ಅಂತ 2.4 ಗಿಗಾಹರ್ಟ್ಸಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11 ಕೊಟ್ಟೆ. ಈಗ ಮೆಟ್ಟಿಲ ತಿರುವಲ್ಲಿ ಅರೆಕ್ಷಣ ದನಿ ತಡವರಿಸುತ್ತೆ ಅಷ್ಟೇ. 802.11ಆರ್ (ಒಂದು ಎಪಿಯಿಂದ ಇನ್ನೊಂದಕ್ಕೆ ಬೇಗ ಜಿಗಿಯೋಕೆ ಇರೋ ಸೆಟ್ಟಿಂಗ್) ಆನ್ ಮಾಡಿದ್ರೆ ಹಳೇ ಪ್ರಿಂಟರ್ ಕನೆಕ್ಟೇ ಆಗಲ್ಲ, ಹಾಗಾಗಿ ಆ ಸೆಟ್ಟಿಂಗನ್ನ ಆಫ್ ಮಾಡಿಟ್ಟಿದೀನಿ.